ಬಳ್ಳಾರಿಗೆ ಹೋದವರು ಉಣ್ಣುವುದೆಲ್ಲಿ?

ಮಧ್ಯಾಹ್ನ ಒಂದೂವರೆ ಗಂಟೆ. ಬಳ್ಳಾರಿಯ ಬಿಸಿಲು ಕಲ್ಲುಗುಡ್ಡದ ಮೇಲೆ ಬಿದ್ದು, ಇಮ್ಮಡಿಯಾಗಿ ಬೀದಿಗೆ ಇಳಿಯುವ ಹೊತ್ತು. ಬೆಂಗಳೂರಿನಿಂದ ಬಂದ ಸಂಸಾರವೊಂದು ಕೋಟೆಯನ್ನು ನೋಡಿ ಮುಗಿಸಿದೆ. ಗಂಡ, ಹೆಂಡತಿ, ಎಂಟು ವರ್ಷದ ಮಗ. ಗುಡ್ಡವನ್ನು ಹತ್ತಲಾರದೆ ಬುಡದ ನೆರಳಿನಲ್ಲಿಯೇ ಕುಳಿತಿದ್ದ, ಎಪ್ಪತ್ತು ದಾಟಿದ ಅಜ್ಜಿ. ಎಲ್ಲರಿಗೂ ಹಸಿವು. ಯಜಮಾನರು ಕಣ್ಣಿಗೆ ಬಿದ್ದ ಹೋಟಲುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಬೋರ್ಡು ಇದ್ದುದನ್ನು ಆರಿಸಿದರು. ಆ ಗಳಿಗೆಯಲ್ಲಿ ಯಾರಾದರೂ ಮಾಡುವುದು ಅದನ್ನೇ.

ಒಳಗೆ ಊಟಕ್ಕೆ ಬಂದವರು ಕುರ್ಚಿಗಳ ಬೆನ್ನು ಹಿಡಿದು ನಿಂತಿದ್ದರು. ಉಣ್ಣುತ್ತಿದ್ದವರು ತಲೆಯೆತ್ತದೆ ಉಣ್ಣುತ್ತಿದ್ದರು. ಗೋಡೆಯ ಮೇಲೆ ಟೆಲಿವಿಷನ್ನು, ಅಡುಗೆಮನೆಯಲ್ಲಿ ಮಿಕ್ಸರು, ಗಲ್ಲಾದ ಬಳಿ ಪಾರ್ಸಲಿನವರ ಗಲಾಟೆ. ‘ನಾನು ಹುಟ್ಟಿದ ವರ್ಷ ಏನಾಯಿತು ಅಂದರೆ...’ ಎಂದು ಅಜ್ಜಿ ಮೂರು ಸಲ ಆರಂಭಿಸಿದರು. ಮೂರು ಸಲವೂ ಮಾತು ಪಲ್ಯದ ಬಟ್ಟಲನ್ನು ದಾಟಿ ಮೊಮ್ಮಗನವರೆಗೆ ಹೋಗಲಿಲ್ಲ. ಕೊನೆಗೆ ಒಂದು ಲೋಟ ಮಜ್ಜಿಗೆ ಕುಡಿದು ಸುಮ್ಮನಾದರು. ಅಡುಗೆ ಕೆಟ್ಟದಾಗಿರಲಿಲ್ಲ. ಆದರೆ ಈ ಪ್ರವಾಸವೇ ಅಜ್ಜಿಯ ಬಾಲ್ಯದ ಊರನ್ನು ಮೊಮ್ಮಗನಿಗೆ ತೋರಿಸುವುದಕ್ಕಾಗಿ ಹೊರಟದ್ದು. ಊರಿನ ಕಲ್ಲು ಕಂಡಿತು. ಕಥೆ ಹೊಟ್ಟೆಯಲ್ಲೇ ಉಳಿಯಿತು.

ಹೊಸ ಊರಿಗೆ ಹೋದಾಗ ಎಲ್ಲಿ ಇಳಿದುಕೊಳ್ಳಬೇಕೆಂದು ನಾವು ವಾರಗಟ್ಟಲೆ ಯೋಚಿಸುತ್ತೇವೆ. ಎಲ್ಲಿ ಉಣ್ಣಬೇಕೆಂಬುದನ್ನು ಮಾತ್ರ ಹಸಿವಿನ ಕೈಗೆ ಒಪ್ಪಿಸಿಬಿಡುತ್ತೇವೆ. ಹಸಿವು ಒಳ್ಳೆಯ ಅಡುಗೆಭಟ್ಟನಾಗಬಹುದು, ಒಳ್ಳೆಯ ಸಲಹೆಗಾರನಲ್ಲ.

ಬಳ್ಳಾರಿಯಲ್ಲಿ ಈ ಆಯ್ಕೆ ಇತರ ಊರುಗಳಿಗಿಂತ ಕೊಂಚ ತೊಡಕಿನದು. ಅಷ್ಟೇ ರುಚಿಕರವಾದುದೂ ಹೌದು. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿದ ಈ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. ಕನ್ನಡ, ತೆಲುಗು ಎರಡೂ ಮನೆಮಾತುಗಳು. ದಂಡು ಇದ್ದ ಊರಾದ್ದರಿಂದ ಉರ್ದು, ತಮಿಳುಗಳಿಗೂ ಕೊರತೆಯಿರಲಿಲ್ಲ. ನಟಶ್ರೇಷ್ಠ ಬಳ್ಳಾರಿ ರಾಘವರು ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲಿಯೂ ರಂಗವನ್ನೇರಿದವರು. ಊರಿನ ಊಟವೂ ಅವರಂತೆಯೇ ಹಲವು ಭಾಷೆಗಳನ್ನು ಬಲ್ಲದು. ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಗಳ ಖಾನಾವಳಿ ಒಂದು ಕಡೆ. ಪಪ್ಪು, ಪುಡಿ, ಉಪ್ಪಿನಕಾಯಿ, ತುಪ್ಪಗಳ ಆಂಧ್ರ ಊಟ ಇನ್ನೊಂದು ಕಡೆ. ಇಡ್ಲಿ, ದೋಸೆ, ಕಾಫಿಯ ಉಡುಪಿ ಮಾದರಿ ಮತ್ತೊಂದು ಕಡೆ. ಮಾಂಸಾಹಾರಿಗಳಿಗೆ ಮಿಲಿಟರಿ ಹೋಟಲು, ಬಿರಿಯಾನಿಯ ಅಂಗಡಿಗಳು.

ಇವೆಲ್ಲಕ್ಕೂ ಒಂದೇ ವೇಳೆ, ಒಂದೇ ಕ್ರಮ ಸಲ್ಲದು. ಉಡುಪಿ ಮಾದರಿಯ ಹೋಟಲು ಬೆಳಗಿನ ಏಳಕ್ಕೆ ಚೆನ್ನ. ಹತ್ತರ ಹೊತ್ತಿಗೆ ಅದು ಸಂತೆ. ಖಾನಾವಳಿಯಲ್ಲಿ ನಡುಹಗಲು ಹನ್ನೆರಡೂವರೆಯ ಒಳಗೆ ಕುಳಿತವರಿಗೆ ಹೆಂಚಿನಿಂದ ನೇರವಾಗಿ ರೊಟ್ಟಿ ಬರುತ್ತದೆ. ಒಂದರಿಂದ ಎರಡರವರೆಗೆ ಕಚೇರಿಯವರ, ವ್ಯಾಪಾರಿಗಳ ನೂಕುನುಗ್ಗಲು. ಎರಡೂವರೆಯ ಮೇಲೆ ಶಾಂತಿ ಸಿಗುತ್ತದೆ, ಎಣ್ಣೆಗಾಯಿ ಮಾತ್ರ ಮುಗಿದಿರಬಹುದು. ರುಚಿಗೂ ನೆಮ್ಮದಿಗೂ ಇರುವ ಈ ಜಗಳವನ್ನು ಬಿಡಿಸುವುದು ಬೋರ್ಡು ಅಲ್ಲ, ಗಡಿಯಾರ.

ಇಲ್ಲಿ ಯಾವ ಹೋಟಲಿನ ಹೆಸರನ್ನೂ ಹೇಳಿಲ್ಲ. ಅಡುಗೆಭಟ್ಟ ಬಿಟ್ಟುಹೋದ ಮರುವಾರ ಬೋರ್ಡು ಹಾಗೆಯೇ ಇರುತ್ತದೆ, ಸಾರು ಹಾಗಿರುವುದಿಲ್ಲ. ಹೆಸರಿಗಿಂತ ಕುರುಹುಗಳು ಹೆಚ್ಚು ಕಾಲ ಬಾಳುತ್ತವೆ. ಬಾಗಿಲಲ್ಲಿ ಒಂದು ನಿಮಿಷ ನಿಲ್ಲಬೇಕು. ಕರಿದ ಎಣ್ಣೆಯ ಹಳಸಲು ಮೂಗಿಗೆ ಬಡಿದರೆ ಮುಂದೆ ನಡೆಯುವುದು ಮೇಲು. ಕೈತೊಳೆಯುವ ತೊಟ್ಟಿಯನ್ನು ನೋಡಿದರೆ ಒಳಗಿನ ಅಡುಗೆಮನೆಯನ್ನು ಅರ್ಧ ನೋಡಿದಂತೆಯೇ. 2006ರ ಆಹಾರ ಸುರಕ್ಷತೆಯ ಕಾಯಿದೆಯಡಿ ಪಡೆದ, ಹದಿನಾಲ್ಕು ಅಂಕಿಗಳ ಪರವಾನಗಿಯ ಪತ್ರ ಕಣ್ಣಿಗೆ ಕಾಣುವಂತೆ ತೂಗಿರಬೇಕೆಂಬುದು ನಿಯಮ. ಅದು ರುಚಿಗೆ ಜಾಮೀನಲ್ಲ, ನಿಜ. ಆದರೆ ಲೆಕ್ಕಕ್ಕೆ ಸಿಕ್ಕುವ ಅಂಗಡಿ ಎಂಬುದಕ್ಕಾದರೂ ಗುರುತು.

ಸದ್ದಿನ ಗುಟ್ಟು ಬೇರೆಯೇ ಇದೆ. ನೆಲ, ಗೋಡೆ ಎಲ್ಲವೂ ನುಣುಪು ಕಲ್ಲಿನಿಂದ ಹೊಳೆಯುವ ಹೊಸ ಹೋಟಲುಗಳಲ್ಲಿ ಚಮಚ ಬಿದ್ದರೂ ಗಂಟೆ ಬಾರಿಸಿದಂತೆ ಕೇಳುತ್ತದೆ. ಸದ್ದನ್ನು ನುಂಗಲು ಅಲ್ಲಿ ಏನೂ ಇಲ್ಲ; ಪ್ರತಿಯೊಬ್ಬನೂ ಪಕ್ಕದವನನ್ನು ಮೀರಿಸಿ ಮಾತಾಡುತ್ತಾನೆ, ಅವನನ್ನು ಮೀರಿಸಿ ಮತ್ತೊಬ್ಬ. ಮರದ ಜಂತೆ, ಬಟ್ಟೆಯ ಪರದೆ, ಹಳೆಯ ಮಾಳಿಗೆ ಇರುವ ಕೊಠಡಿ ನೋಟಕ್ಕೆ ಬಡವಾದರೂ ಕಿವಿಗೆ ಶ್ರೀಮಂತ. ‘ಎ.ಸಿ.’ ಎಂದು ಬರೆದ ಕೊಠಡಿಯಲ್ಲಿ ತಂಪು ಸಿಗುವುದು ಖಂಡಿತ, ಮೌನ ಅಲ್ಲ. ಅಲ್ಲಿ ದರವೂ ಬೇರೆ ಇರುವುದುಂಟು, ಕೂರುವ ಮೊದಲೇ ಕೇಳಿಕೊಳ್ಳಬೇಕು. ಟೆಲಿವಿಷನ್ನಿನ ಸದ್ದನ್ನು ಇಳಿಸಿರೆಂದು ಮರ್ಯಾದೆಯಿಂದ ಕೇಳಿದರೆ ಒಲ್ಲೆನೆನ್ನುವ ಗಲ್ಲಾದವರು ವಿರಳ. ನಾವು ಕೇಳುವುದಿಲ್ಲ, ಅಷ್ಟೆ.

ಖಾರದ ಮಾತನ್ನು ಹೇಳದಿದ್ದರೆ ಬೆಂಗಳೂರು, ಮೈಸೂರಿನ ತಾಯಂದಿರು ಕ್ಷಮಿಸಲಾರರು. ‘ಖಾರ ಕಡಿಮೆ ಮಾಡಿ’ ಎಂದು ಮಾಣಿಗೆ ಹೇಳುವುದು ವ್ಯರ್ಥ. ಪಲ್ಯ ಬೆಳಿಗ್ಗೆಯೇ ಆಗಿಹೋಗಿರುತ್ತದೆ. ಮಕ್ಕಳಿಗೆ ಬಿಸಿ ಅನ್ನ, ಪಪ್ಪು, ತುಪ್ಪ, ಗಟ್ಟಿ ಮೊಸರು ಕೇಳಿದರೆ ಮಾಣಿಗೂ ಸಂತೋಷ, ಮಗುವಿಗೂ ಸಂತೋಷ.

ಬಳ್ಳಾರಿಗೆ ಹೋಗಿ ಒಗ್ಗರಣೆ–ಮಿರ್ಚಿ ತಿನ್ನದೆ ಬಂದವನನ್ನು ಆ ಊರಿನವರು ಬಂದವನೆಂದೇ ಎಣಿಸುವುದಿಲ್ಲ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಸಿನದ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಹುರಿಗಡಲೆಯ ಹಿಟ್ಟನ್ನು ಉದುರಿಸುತ್ತಾರೆ. ಜೊತೆಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ಇದು ಕೂತು ಹರಟುವ ತಿಂಡಿಯಲ್ಲ. ಬೀದಿಯ ಬದಿಯಲ್ಲಿ ನಿಂತು, ಕಣ್ಣಲ್ಲಿ ನೀರು ಬರುವಂತೆ ತಿನ್ನುವಂಥದು. ಸಂಜೆಯ ಒಂದು ಗಂಟೆಯನ್ನು ಅದಕ್ಕೆಂದೇ ಮೀಸಲಿಟ್ಟು, ಶಾಂತಿಯ ಆಸೆಯನ್ನು ಅಷ್ಟು ಹೊತ್ತು ಮರೆಯುವುದೇ ಜಾಣತನ. ಗಡಿಯಾಚೆ ಆದವಾನಿ, ಕರ್ನೂಲು, ಅನಂತಪುರಗಳಲ್ಲಿ ಇದೇ ತಿಂಡಿಗೆ ‘ಉಗ್ಗಾನಿ’ ಎಂದು ಹೆಸರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ವಿವಾದವೆದ್ದು, ನ್ಯಾಯಮೂರ್ತಿ ಮಿಶ್ರರ ವಿಚಾರಣೆಯವರೆಗೂ ಹೋಗಿತ್ತು. ನಕ್ಷೆಯ ಮೇಲೆ ಗೆರೆ ಬಿತ್ತು, ಬಾಣಲೆಯಲ್ಲಿ ಬೀಳಲಿಲ್ಲ.

ಪೇಟೆಯ ಗದ್ದಲ ಸಾಕೆನಿಸಿದವರಿಗೆ ಕುರುಗೋಡು ದೂರವಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಸಿಂದ ಮನೆತನದವರು ಆಳಿದ ಊರು. ಈಗ ತಾಲ್ಲೂಕಿನ ಕೇಂದ್ರ. ಬಂಡೆಗಳ ನಡುವೆ ಹಳೆಯ ಗುಡಿಗಳು, ದೊಡ್ಡಬಸವೇಶ್ವರನ ಆಲಯದಲ್ಲಿ ಆಳೆತ್ತರವನ್ನು ಮೀರಿದ ಏಕಶಿಲೆಯ ಬಸವಣ್ಣ. ಇಲ್ಲಿ ಹೋಟಲುಗಳನ್ನು ಆರಿಸುವಷ್ಟು ಹೋಟಲುಗಳಿಲ್ಲ. ಅದೇ ಒಂದು ಅನುಕೂಲ. ಬೆಳಗಿನ ತಂಪಿನಲ್ಲಿ ಗುಡಿಗೆ ಹೋಗಿ, ಬಳಿಯ ಚಿಕ್ಕ ಅಂಗಡಿಯಲ್ಲಿ ಇಡ್ಲಿಯನ್ನೋ ಉಪ್ಪಿಟ್ಟನ್ನೋ ತಿಂದು, ಚಹ ಕುಡಿದು, ಬಿಸಿಲೇರುವ ಮುನ್ನ ಹೊರಡಬೇಕು. ಜಾತ್ರೆಯ ದಿನಗಳಲ್ಲಿ ಮಾತ್ರ ನೆಮ್ಮದಿಯನ್ನು ಬಯಸಿ ಅಲ್ಲಿಗೆ ಹೋಗಬಾರದು.

ಸಿರುಗುಪ್ಪದ ದಾರಿಯೇ ಒಂದು ಪಾಠ. ಬಳ್ಳಾರಿಯ ಬೋಳುಗುಡ್ಡಗಳನ್ನು ಬಿಟ್ಟು ಉತ್ತರಕ್ಕೆ ಹೊರಟರೆ, ತೆಕ್ಕಲಕೋಟೆಯನ್ನು ದಾಟುವ ಹೊತ್ತಿಗೆ ಕಣ್ಣಿಗೆ ಹಸುರು ತುಂಬುತ್ತದೆ. ಕಾಲುವೆ, ಗದ್ದೆ, ಅಕ್ಕಿಯ ಗಿರಣಿ; ಗಿರಣಿ, ಗದ್ದೆ, ಕಾಲುವೆ. ಸೋನಾ ಮಸೂರಿ ಅಕ್ಕಿಗೆ ಹೆಸರಾದ ನಾಡು ಇದು. ತುಂಗಭದ್ರೆಯ ದಂಡೆಯ ಊರು. ಹತ್ತಿರದ ಕೆಂಚನಗುಡ್ಡದಲ್ಲಿ ನದಿಯ ತಡಿಗೆ ಹಳೆಯ ಕೋಟೆಯ ಅವಶೇಷಗಳಿವೆ.

ಈ ಹಸುರಿನ ನಡುವೆ ತಟ್ಟೆಯ ಮುಂದೆ ಕುಳಿತವರಿಗೆ ನೆನಪಾಗಬೇಕಾದ ಒಂದು ಲೆಕ್ಕವಿದೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಪರಿಹಾರದ ಕಾಮಗಾರಿಯಲ್ಲಿ ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದು ಆಣೆ ಸಾಕೆಂದು ಗೊತ್ತುಮಾಡಿದ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಅಷ್ಟರಿಂದ ದುಡಿಯುವ ದೇಹ ಬದುಕಲಾರದೆಂದು ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ವಾದಿಸಿದ. ನದಿ ಪಕ್ಕದಲ್ಲೇ ಹರಿಯುತ್ತಿದ್ದರೂ ಸೀಮೆಯ ಬಹುಭಾಗದ ಹೊಲಗಳಿಗೆ ಅದರ ನೀರು ದಕ್ಕುತ್ತಿರಲಿಲ್ಲ. 1953ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿದ ಮೇಲೆಯೇ ಈ ಕಡೆಯ ತಟ್ಟೆ ಬದಲಾದದ್ದು. 2024ರ ಆಗಸ್ಟ್‌ನಲ್ಲಿ ಅದೇ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಸಿರುಗುಪ್ಪದ ರೈತರಿಗೆ ನಿದ್ದೆ ಬರದಿದ್ದುದು ಏಕೆಂದು ಬೇರೆ ಹೇಳಬೇಕಾಗಿಲ್ಲ.

ಬದಲಾವಣೆಯಲ್ಲಿ ಒಂದು ನಷ್ಟವೂ ಉಂಟು. ಅಕ್ಕಿ ಹೆಚ್ಚಿದಲ್ಲಿ ಜೋಳ ಹಿಂದೆ ಸರಿಯುತ್ತದೆ. ರೊಟ್ಟಿ ಬಡಿಯಲು ತೋಳಿನ ಕಸುವು ಬೇಕು, ವರ್ಷಗಳ ಕೈಪಳಗ ಬೇಕು. ಅನ್ನಕ್ಕೆ ಒಲೆಯೊಂದಿದ್ದರೆ ಸಾಕು. ಆದ್ದರಿಂದ ಈ ಪ್ರಾಂತದಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುವ ಖಾನಾವಳಿ ಕಂಡರೆ ಬೇರೆ ಪರೀಕ್ಷೆ ಅನವಶ್ಯಕ. ಅನ್ನವನ್ನೇ ಬಯಸುವವರು ಹಳೆಯ ಅಕ್ಕಿಯೋ ಹೊಸದೋ ಎಂದು ಕೇಳಿಕೊಳ್ಳಲಿ. ವರ್ಷ ಇಟ್ಟ ಅಕ್ಕಿ ಅಗುಳು ಅಗುಳಾಗಿ ನಿಲ್ಲುತ್ತದೆ. ಹೊಸ ಅಕ್ಕಿ ಮುದ್ದೆಗಟ್ಟುತ್ತದೆ. ಗಿರಣಿಯ ಊರಿನಲ್ಲಿ ಈ ಪ್ರಶ್ನೆಯನ್ನು ಕೇಳಿದ ಗಿರಾಕಿಗೆ ಗೌರವವೇ ಬೇರೆ.

ಬೆಂಗಳೂರಿನ ಆ ಸಂಸಾರ ಮರುದಿನ ಹೀಗೆಯೇ ಮಾಡಿತು. ಬೆಳಿಗ್ಗೆ ಕುರುಗೋಡು, ಮಧ್ಯಾಹ್ನ ಎರಡೂವರೆಗೆ ಸಿರುಗುಪ್ಪ. ಈ ಸಲ ಯಜಮಾನರು ಬೋರ್ಡು ನೋಡಲಿಲ್ಲ. ಔಷಧದ ಅಂಗಡಿಯವರನ್ನು ‘ನೀವು ಎಲ್ಲಿ ಉಣ್ಣುತ್ತೀರಿ?’ ಎಂದು ಕೇಳಿದರು. ‘ಚೆನ್ನಾಗಿರುವ ಹೋಟಲು ಯಾವುದು?’ ಎಂದು ಕೇಳಿದರೆ ಊರಿನವರು ದೊಡ್ಡದನ್ನು ತೋರಿಸುತ್ತಾರೆ, ‘ನೀವೆಲ್ಲಿ?’ ಎಂದರೆ ನಿಜ ಹೊರಡುತ್ತದೆ. ಅವರು ತೋರಿಸಿದ ಗಲ್ಲಿಯಲ್ಲಿ ನಾಲ್ಕೇ ಮೇಜುಗಳ ಖಾನಾವಳಿ. ಒಬ್ಬಿಬ್ಬರು ಉಂಡು ಏಳುತ್ತಿದ್ದರು.

‘ರೊಟ್ಟಿ ಆಗ್ಯಾವ್ರಿ. ತಡೀತೀನಿ ಅಂದ್ರ ಬಿಸೀವು ಬಡದು ಕೊಡ್ತೀನಿ. ಕುಂದ್ರಿ,’ ಎಂದರು ಮನೆಯಾಕೆ.

‘ಆಗಲಿ ತಾಯಿ, ನಮಗೇನೂ ಅವಸರವಿಲ್ಲ,’ ಎಂದರು ಅಜ್ಜಿ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಆರಂಭವಾಯಿತು. ಬೇರೆ ಸದ್ದಿರಲಿಲ್ಲ.

ಅಜ್ಜಿ ಹುಟ್ಟಿದ್ದು 1953ರ ಆಗಸ್ಟ್‌ನಲ್ಲಿ, ತಾಯಿಯ ತವರಾದ ಆದವಾನಿಯಲ್ಲಿ. ಆಗ ಅದು ಮದರಾಸು ರಾಜ್ಯ. ಬಾಣಂತನ ಮುಗಿಯುವುದರೊಳಗೆ ತೊಟ್ಟಿಲು ಅಲುಗಾಡದೆಯೇ ಮನೆ ಆಂಧ್ರಕ್ಕೆ ಸೇರಿತು. ಮೂರು ತಿಂಗಳ ಕೂಸನ್ನು ಎತ್ತಿಕೊಂಡು, ಗುಂತಕಲ್ಲಿನಲ್ಲಿ ರೈಲು ಬದಲಿಸಿ, ತಾಯಿ ಬಳ್ಳಾರಿಯಲ್ಲಿ ಇಳಿದಾಗ ಅದು ಮೈಸೂರು ರಾಜ್ಯ. ಅಜ್ಜಿಗೆ ಇಪ್ಪತ್ತು ತುಂಬಿದ ವರ್ಷ, 1973ರಲ್ಲಿ, ಮೈಸೂರು ಕರ್ನಾಟಕವಾಯಿತು. ‘ನಾನೇನೋ ಒಂದೇ ಸಲ ರೈಲು ಹತ್ತಿದ್ದು ಕಣಪ್ಪ,’ ಎಂದು ಅಜ್ಜಿ ಬೆರಳು ಮಡಿಚಿ ಎಣಿಸಿದರು. ‘ರಾಜ್ಯ ಮಾತ್ರ ನಾಲ್ಕು.’

ಮೊಮ್ಮಗ ಶೇಂಗಾ ಪುಡಿಯ ಬಟ್ಟಲನ್ನು ಬಿಟ್ಟು ತಲೆಯೆತ್ತಿದ.

‘ಹಾಗಾದರೆ ನೀನು ಯಾವ ಊರಿನವಳು, ಅಜ್ಜಿ?’

ಅಜ್ಜಿ ಯೋಚಿಸತೊಡಗಿದರು. ಅಷ್ಟರಲ್ಲಿ ಮನೆಯಾಕೆ ಉಬ್ಬಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಂದು ನಿಂತರು.

‘ಇನ್ನೊಂದು ಹಾಕ್ಲೇನವ್ವಾ?’