ಗರುಡನ ಗೂಡಿನ ಕೆಳಗೆ

ನಮ್ಮೂರಿನಲ್ಲಿ ಗರುಡನನ್ನು ಕಾಣದವರಿಲ್ಲ. ಅದು ನೆತ್ತಿಯ ಮೇಲೆ ಸುಳಿದರೆ ಹಿರಿಯರು ಇಂದಿಗೂ ಕೈಮುಗಿದು ಗಲ್ಲ ತಟ್ಟಿಕೊಳ್ಳುತ್ತಾರೆ. ಆದರೆ ಕೈಮುಗಿದವರಲ್ಲಿ ಅದರ ಸಂಸಾರವನ್ನು ಕಂಡವರೆಷ್ಟು ಮಂದಿ? ದೇಶನೂರಿನ ಕಾಲುವೆಯ ಏರಿಯ ಮೇಲಿರುವ ಅರಳಿಮರದಲ್ಲಿ ಎರಡು ವರ್ಷ ನಾನು ಕಂಡುದನ್ನು, ಮೊದಲ ವರ್ಷದ ನನ್ನ ತಪ್ಪನ್ನೂ ಮುಚ್ಚಿಡದೆ, ಇಲ್ಲಿ ಬರೆಯುತ್ತೇನೆ.

ಗರುಡನಿಗೂ ಹದ್ದಿಗೂ ವ್ಯತ್ಯಾಸ ತಿಳಿಯದವರು ಬಾಲವನ್ನು ನೋಡಬೇಕು. ಹದ್ದಿನ ಬಾಲ ನಡುವೆ ಸೀಳಿದಂತಿರುವುದು, ಗರುಡನದು ದುಂಡು. ಬೆಳೆದ ಗರುಡನ ತಲೆ, ಎದೆ ಬಿಳುಪು. ಉಳಿದ ಮೈ ಇಟ್ಟಿಗೆಗೆಂಪು. ಇದು ನೀರಿನ ನೆರೆಯ ಹಕ್ಕಿ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ದೇಶನೂರು ಕಾಲುವೆಯೂ ಒಂದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲಂತೂ ಸಿರುಗುಪ್ಪದ ಸೀಮೆಯಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಗದ್ದೆಯೆಂದರೆ ಏಡಿ, ಕಪ್ಪೆ, ಮೀನು. ಬೇಸಿಗೆ ಬೆಳೆಗೆ ನೀರು ನಿಂತಿರುವ ತಿಂಗಳುಗಳಲ್ಲೇ ಗರುಡ ಮರಿಮಾಡುವುದು. ಮರಿಗೆ ಉಣಿಸು ಎಲ್ಲಿ ಸಿಕ್ಕೀತೋ ಅಲ್ಲಿ ತಾನೆ ಮನೆ ಕಟ್ಟಬೇಕು!

ಮೊದಲ ವರ್ಷ ಡಿಸೆಂಬರಿನಲ್ಲಿ ಜೋಡಿಯೆರಡೂ ಕಡ್ಡಿ ಹೊತ್ತು ತರುವುದನ್ನು ಕಂಡೆ. ಒಣಕಡ್ಡಿಯ ಅಟ್ಟಣೆ, ಒಳಗೆ ಹಸಿರೆಲೆ, ನಡುವೆ ಒಂದು ಚಿಂದಿ ಬಟ್ಟೆ. ಜನವರಿಯಲ್ಲಿ ಹೆಣ್ಣು ಕಾವಿಗೆ ಕುಳಿತಿತು. ಮೊಬೈಲಿನಲ್ಲಿ ಚಿತ್ರ ಹಿಡಿಯುವ ಚಪಲದಿಂದ ನಾನು ಪಕ್ಕದ ಬೇವಿನ ಮರವನ್ನು ಏರಿದೆ. ತಾಯಿ ಕಿರುಗುಟ್ಟುತ್ತ ಹಾರಿತು. ಮಂಕು ಬಿಳಿಯ ಮೇಲೆ ಕೆಂಗಂದು ಚುಕ್ಕೆಗಳ ಎರಡು ಮೊಟ್ಟೆ ಕಂಡವು. ಹಿಗ್ಗಿನಿಂದ ಹತ್ತು ನಿಮಿಷ ಅಲ್ಲೇ ಕುಳಿತೆ. ಇಳಿದು ಏರಿಗೆ ಬರುವಷ್ಟರಲ್ಲಿ ಎರಡು ಕಾಗೆಗಳು ಗೂಡಿನಲ್ಲಿದ್ದವು. ವಾರದೊಳಗೆ ಗರುಡಗಳು ಗೂಡು ಬಿಟ್ಟವು.

ಅಜ್ಜಿಗೆ ಹೇಳಿದಾಗ ಅವಳು ಬೈಯಲಿಲ್ಲ. "ಬಾಣಂತಿ ಮನೀಗೆ ನೀ ಯಾಕ ಹೊಕ್ಕಿದ್ಯಪ್ಪಾ?" ಎಂದಳು, ಅಷ್ಟೆ. ಗೂಡಿಗೆ ಕೈಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂದು ಆಮೇಲೆ ಓದಿ ತಿಳಿದೆ. ನಾನು ಕೈಹಾಕಿರಲಿಲ್ಲ, ನಿಜ. ಕಾಗೆಗೆ ಬಾಗಿಲು ತೆರೆದುಕೊಟ್ಟಿದ್ದೆ.

ಮರುವರ್ಷ ಅದೇ ಮರದಲ್ಲಿ ಗೂಡಾಯಿತು. ಈ ಸಲ ನೂರು ಮಾರು ದೂರದ ಪಂಪ್‌ಸೆಟ್ ಮನೆಯ ನೆರಳೇ ನನ್ನ ಠಾಣೆ. ಗೆಳೆಯನಿಂದ ಎರವಲು ತಂದ ದುರ್ಬೀನು, ಒಂದು ನೋಟ್ ಪುಸ್ತಕ. ಜನವರಿ 9ರಂದು ಹೆಣ್ಣು ಕಾವಿಗೆ ಕುಳಿತಿತು. ಫೆಬ್ರವರಿ 5ರಂದು ಅದು ಎದ್ದು ನಿಂತು ಮೀನನ್ನು ಚೂರುಚೂರು ಮಾಡಿ ಕೆಳಗೆ ಬಾಗಿ ಇಡುವುದನ್ನು ಕಂಡಾಗ ಮರಿ ಒಡೆದಿದೆಯೆಂದು ತಿಳಿಯಿತು. ಇಪ್ಪತ್ತೇಳು ದಿನ! ಗಂಡು ತಂದು ಕೊಡುವುದು, ಹೆಣ್ಣು ಉಣಿಸುವುದು. ಸಂಜೆ, ಹಕ್ಕಿಗಳಿಗೆ ಕಾಣದಂತೆ ಏರಿಯ ಮರೆಯಲ್ಲಿ ಹೋಗಿ ನೋಡಿದರೆ ಬುಡದಲ್ಲಿ ಏಡಿಯ ಚಿಪ್ಪು, ಮೀನಿನ ಮುಳ್ಳು, ಒಮ್ಮೆ ನೀರುಹಾವಿನ ತುಂಡು.

ಬಿಳಿ ತುಪ್ಪುಳಿನ ತಲೆಗಳು ಎರಡಿದ್ದವು. ಮೊದಲು ಹುಟ್ಟಿದ್ದು ದೊಡ್ಡದು. ತುತ್ತು ಬಂದಾಗಲೆಲ್ಲ ಅದೇ ಮುಂದು. ಹನ್ನೆರಡನೆಯ ದಿನದಿಂದ ಒಂದೇ ತಲೆ ಕಂಡಿತು. ಚಿಕ್ಕದಕ್ಕೆ ಏನಾಯಿತೆಂದು ಮರವೇರಿ ನೋಡುವ ಆಸೆಯನ್ನು ಅಂದು ತಡೆದುಕೊಂಡದ್ದು ನನಗೆ ಪರೀಕ್ಷೆಗಿಂತ ಕಷ್ಟವಾಯಿತು.

ಮಾರ್ಚಿನಲ್ಲಿ ಮರಿಗೆ ಕಂದು ಗರಿ ಮೂಡಿತು. "ಗರುಡನ ಮನ್ಯಾಗ ಹದ್ದು ಹುಟ್ಯಾದ" ಎಂದು ಹೊಲದವರು ನಕ್ಕರು. ಮರಿಗೆ ತಾಯಿತಂದೆಯರ ಬಣ್ಣ ಬರಲು ಎರಡು ಮೂರು ವರ್ಷ ಹಿಡಿಯುತ್ತದೆಂದರೆ ಯಾರೂ ನಂಬಲಿಲ್ಲ.

ಆಗಲೇ ಆಡು ಕಾಯುವ ತಾತ ಒಬ್ಬರು ಕುಡುಗೋಲು ಕಟ್ಟಿದ ಗಳ ಹಿಡಿದು ಬಂದರು. ಬಿಸಿಲಿಗೆ ಮೇವಿಲ್ಲ, ಅರಳಿಯ ಸೊಪ್ಪೇ ಗತಿ. ನಾನು ಓಡಿಹೋಗಿ ಗೂಡು ತೋರಿಸಿದೆ. ತಾತ ಬಹಳ ಹೊತ್ತು ಮೇಲೆ ನೋಡಿದರು. "ಎಷ್ಟು ದಿನ ಬೇಕಪ್ಪಾ ಅದಕ್ಕ?" "ಇನ್ನು ಮೂರು ವಾರ, ತಾತ." "ಆತು ಬಿಡು, ಹಾರಿದ ಮ್ಯಾಲ ಬರ್ತೀನಿ" ಎಂದು ಆಡುಗಳನ್ನು ತಿರುಗಿಸಿಕೊಂಡು ಹೋದರು. ಅಂದು ಅವುಗಳ ಹೊಟ್ಟೆಗೆ ಏನು ಸಿಕ್ಕಿತೋ ನಾನು ಕೇಳಲಿಲ್ಲ.

ಗೂಡಿನ ಅಂಚಿನಲ್ಲಿ ರೆಕ್ಕೆ ಬಡಿದು ಬಡಿದು, ಮಾರ್ಚ್ 29ರ ಬೆಳಿಗ್ಗೆ ಮರಿ ಹಾರಿ ಬೇವಿನ ಮರದ ಮೇಲೆ ತಟ್ಟಾಡುತ್ತ ಕುಳಿತಿತು. ಏಪ್ರಿಲಿನಲ್ಲಿ ತಾತ ಮಾತಿನಂತೆ ಬಂದು ಸೊಪ್ಪು ಕಡಿದರು. ಗೂಡಿದ್ದ ಕವಲನ್ನು ಮಾತ್ರ ಮುಟ್ಟಲಿಲ್ಲ. ಬರುವ ಡಿಸೆಂಬರಿಗೆ ಅಲ್ಲಿ ಕಡ್ಡಿ ಬೀಳುವುದೋ ಎಂದು ಈಗ ಅವರೂ ನನ್ನನ್ನು ಕೇಳುತ್ತಿರುತ್ತಾರೆ.