ಲಾಲಾಗ್ರಂಥಿಯ ಮಿಶ್ರಗೆಡ್ಡೆ ಮತ್ತು ಅದರ ಮೂಲಕೋಶ

ಕಿವಿಯ ಮುಂಭಾಗದಲ್ಲಿ, ಕೆಳದವಡೆಯ ಕೋನದ ಬಳಿ, ನೋವಿಲ್ಲದೆ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುವ ಗಟ್ಟಿಯಾದ ಗಂಟೊಂದು ವೈದ್ಯರಿಗೆ ಪರಿಚಿತವಾದುದು. ಲಾಲಾಗ್ರಂಥಿಗಳಲ್ಲಿ ಹುಟ್ಟುವ ಗೆಡ್ಡೆಗಳಲ್ಲೆಲ್ಲ ಇದೇ ಅತ್ಯಂತ ಸಾಮಾನ್ಯ. ಹೆಚ್ಚಿನವು ಕರ್ಣಮೂಲಗ್ರಂಥಿಯಲ್ಲಿ ತಲೆದೋರುತ್ತವೆ. ಇದರ ತೆಳುವಾದ ಪದರವೊಂದಕ್ಕೆ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ವಿದ್ಯಾರ್ಥಿಗೆ ಮೊದಲು ಆಗುವುದು ಗಲಿಬಿಲಿಯೇ ಸರಿ. ಒಂದೆಡೆ ಗ್ರಂಥಿನಾಳಗಳನ್ನು ಹೋಲುವ ಕೊಳವೆಗಳು; ಪಕ್ಕದಲ್ಲಿ ಲೋಳೆಯಂತಹ ವಸ್ತುವಿನಲ್ಲಿ ಚದುರಿದ ನಕ್ಷತ್ರಾಕಾರದ ಕೋಶಗಳು; ಇನ್ನೂ ಸ್ವಲ್ಪ ಸರಿಸಿದರೆ ಶ್ವಾಸನಾಳದ ಗೋಡೆಯಲ್ಲಿ ಇರತಕ್ಕ ಮೃದ್ವಸ್ಥಿಯಂತಹ ಅಂಗಾಂಶ. ಅಪರೂಪವಾಗಿ ಮೂಳೆಯೂ ಉಂಟು. ಜೊಲ್ಲನ್ನು ಸ್ರವಿಸುವ ಗ್ರಂಥಿಯಲ್ಲಿ ಮೃದ್ವಸ್ಥಿಗೆ ಏನು ಕೆಲಸ? ನಾವು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಇಷ್ಟೇ.

1874ರಲ್ಲಿ ಮಿನ್ಸೆನ್ ಎಂಬ ಜರ್ಮನ್ ವೈದ್ಯನು ಇದಕ್ಕೆ ಮಿಶ್ರಗೆಡ್ಡೆ ಎಂಬ ಹೆಸರನ್ನು ಬಳಸಿದನು. ಹೆಸರು ಕಣ್ಣಿಗೆ ಕಂಡುದನ್ನು ಸರಿಯಾಗಿಯೇ ಹೇಳಿತು; ಆದರೆ ಜೊತೆಯಲ್ಲಿ ಒಂದು ಊಹೆಯನ್ನೂ ಒಳಗೆ ಸೇರಿಸಿಬಿಟ್ಟಿತು. ನಾಳಗಳ ಒಳಮೈಯನ್ನು ಹೊದಿಸುವ ಅನುಲೇಪಕ ಅಂಗಾಂಶ ಒಂದು ಕುಲ, ಮೃದ್ವಸ್ಥಿ ಮುಂತಾದ ಸಂಯೋಜಕ ಅಂಗಾಂಶ ಇನ್ನೊಂದು ಕುಲ ಎಂದು ಭ್ರೂಣಶಾಸ್ತ್ರವು ಕಲಿಸಿದ್ದಿತು. ಎರಡೂ ಒಂದೇ ಗೆಡ್ಡೆಯಲ್ಲಿ ಕಂಡಾಗ, ಅದಕ್ಕೆ ಎರಡು ಮೂಲಗಳಿರಬೇಕೆಂದು ಭಾವಿಸಿದುದು ಸಹಜವೇ. ಭ್ರೂಣಾವಸ್ಥೆಯಲ್ಲಿ ದಾರಿ ತಪ್ಪಿ ಗ್ರಂಥಿಯೊಳಗೆ ಉಳಿದುಕೊಂಡ ಮೃದ್ವಸ್ಥಿಯ ತುಣುಕುಗಳೇ ಮುಂದೆ ಬೆಳೆಯುತ್ತವೆ ಎಂದು ಕೆಲವರು ವಾದಿಸಿದರು. ಈ ವಾದವು ಒಂದು ಸರಳ ಪ್ರಶ್ನೆಗೆ ಉತ್ತರ ಕೊಡಲಾರದು. ಕಣ್ಣೀರಿನ ಗ್ರಂಥಿ, ಚರ್ಮದ ಬೆವರುಗ್ರಂಥಿ, ನಾಯಿಯ ಸ್ತನಗ್ರಂಥಿ ಇವುಗಳಲ್ಲಿಯೂ ಇಂತಹ ಗೆಡ್ಡೆಗಳು ಏಳುತ್ತವೆ. ಇಷ್ಟೊಂದು ಕಡೆಗಳಲ್ಲಿ ಮೃದ್ವಸ್ಥಿಯು ದಾರಿ ತಪ್ಪಿತೆಂದು ನಂಬುವುದು ಕಷ್ಟ.

ಈ ಗ್ರಂಥಿಗಳಿಗೆಲ್ಲ ಸಮಾನವಾದ ಅಂಶವೊಂದಿದೆ. ಸ್ರಾವಕ ಕೋಶಗಳ ಗೊಂಚಲನ್ನು ಹೊರಗಿನಿಂದ ತಬ್ಬಿಕೊಂಡಿರುವ, ಅನೇಕ ಬಾಹುಗಳುಳ್ಳ ಚಪ್ಪಟೆಯಾದ ಕೋಶಗಳೇ ಅವು. ಬುಟ್ಟಿಯ ಹೆಣಿಗೆಯನ್ನು ಹೋಲುವುದರಿಂದ ಇವುಗಳಿಗೆ ಬುಟ್ಟಿಕೋಶಗಳೆಂದೂ ಹೆಸರು. ಶಾಸ್ತ್ರೀಯವಾಗಿ ಸ್ನಾಯ್ವನುಲೇಪಕ ಕೋಶಗಳೆನ್ನಬಹುದು. ಇವು ಅನುಲೇಪಕ ಕೋಶಗಳಂತೆ ಕೆರಾಟಿನ್ ಎಂಬ ಪ್ರೋಟೀನನ್ನು ಪಡೆದಿವೆ. ಸ್ನಾಯುವಿನಂತೆ ಆಕ್ಟಿನ್ ತಂತುಗಳನ್ನೂ ಪಡೆದು, ಸಂಕುಚಿಸಿ ಜೊಲ್ಲನ್ನು ನಾಳಕ್ಕೆ ಹಿಂಡುತ್ತವೆ. ಆರೋಗ್ಯದಲ್ಲಿಯೇ ಎರಡು ಸ್ವಭಾವಗಳನ್ನು ಹೊತ್ತಿರುವ ಕೋಶವು ರೋಗದಲ್ಲಿ ಮೂರನೆಯದನ್ನು ತಾಳುವುದು ಅಷ್ಟೇನೂ ವಿಚಿತ್ರವಲ್ಲ. ಗೆಡ್ಡೆಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರೆ ಈ ಸ್ಥಿತ್ಯಂತರವು ಕಣ್ಣಿಗೇ ಕಾಣುತ್ತದೆ. ಕೊಳವೆಗಳ ಹೊರಪದರದ ಕೋಶಗಳು ಸಾಲು ಬಿಟ್ಟು, ಒಂದೊಂದಾಗಿ ಸುತ್ತಲಿನ ಲೋಳೆಯೊಳಕ್ಕೆ ಕರಗಿದಂತೆ ಸರಿದುಹೋಗುತ್ತವೆ; ಎಲ್ಲಿ ಅನುಲೇಪಕವು ಮುಗಿದು ಎಲ್ಲಿ ಸಂಯೋಜಕವು ಮೊದಲಾಯಿತೆಂದು ಗೆರೆ ಎಳೆಯಲಾಗದು. ಲೋಳೆಯು ಹೊರಗಿನಿಂದ ಬಂದುದಲ್ಲ; ಈ ಕೋಶಗಳೇ ಅದನ್ನು ಸ್ರವಿಸಿ ಅದರಲ್ಲಿಯೇ ಹೂತುಹೋಗುತ್ತವೆ. ಮೃದ್ವಸ್ಥಿಯ ವಿಶಿಷ್ಟ ವಸ್ತುವಾದ ಎರಡನೆಯ ಬಗೆಯ ಕೊಲಾಜನ್ ಕೂಡ ಅಲ್ಲಿ ದೊರೆತಿದೆ.

ಆದರೆ ಕಣ್ಣಿಗೆ ಹಾಗೆ ಕಂಡಿತೆಂಬುದು ಪ್ರಮಾಣವಾಗಲಾರದು. ಪ್ರಮಾಣವು ಬಂದುದು ಬೇರೊಂದು ದಾರಿಯಿಂದ. ಸ್ತ್ರೀಯರ ಪ್ರತಿಯೊಂದು ಕೋಶದಲ್ಲಿಯೂ ಇರುವ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಭ್ರೂಣದ ಎಳೆಯ ದೆಸೆಯಲ್ಲಿಯೇ ಸ್ತಬ್ಧವಾಗುತ್ತದೆಂದು ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ತಂದೆಯದೋ ತಾಯಿಯದೋ ಎಂಬುದು ಆಕಸ್ಮಿಕ; ಆದರೆ ಒಮ್ಮೆ ಸ್ತಬ್ಧವಾದುದು ಸಂತತಿಯ ಕೋಶಗಳಲ್ಲೆಲ್ಲ ಹಾಗೆಯೇ ಮುಂದುವರಿಯುತ್ತದೆ. ಇದು ಕೋಶದ ಗೋತ್ರವನ್ನು ಹೇಳುವ ಗುರುತು. ಗೆಡ್ಡೆಯ ನಾಳಭಾಗವನ್ನೂ ಲೋಳೆಭಾಗವನ್ನೂ ಪ್ರತ್ಯೇಕಿಸಿ ಪರೀಕ್ಷಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಎರಡರಲ್ಲಿಯೂ ಒಂದೇ ಗುರುತು. ಒಂದು ಗೆಡ್ಡೆಯಲ್ಲಿ ಮಾತ್ರ ಹೀಗಾದರೆ ಆಕಸ್ಮಿಕವೆನ್ನಬಹುದಾಗಿತ್ತು. ಗೆಡ್ಡೆಯಿಂದ ಗೆಡ್ಡೆಗೆ ಅದೇ ಹೊಂದಿಕೆ ಕಂಡುಬಂದಾಗ ಹಾಗೆನ್ನಲು ಬರುವುದಿಲ್ಲ. ಇದಕ್ಕೆ ಮೊದಲೇ, 1997ರಲ್ಲಿ, ಪ್ಲಾಗ್-1 ಎಂಬ ಜೀನು ಪತ್ತೆಯಾಗಿದ್ದಿತು. ಈ ಗೆಡ್ಡೆಗಳಲ್ಲಿ ಅನೇಕ ವೇಳೆ 3ನೆಯ ಮತ್ತು 8ನೆಯ ವರ್ಣತಂತುಗಳು ತುಂಡುಗಳನ್ನು ವಿನಿಮಯ ಮಾಡಿಕೊಂಡು, ವಯಸ್ಕರ ಗ್ರಂಥಿಯಲ್ಲಿ ನಿದ್ರಿಸಬೇಕಾದ ಈ ಜೀನು ಬೇರೊಂದು ಜೀನಿನ ಚಾಲಕಭಾಗದ ವಶವಾಗಿ ಎಚ್ಚೆತ್ತುಕೊಳ್ಳುತ್ತದೆ. ಪ್ಲಾಗ್-1ರ ಈ ವ್ಯತ್ಯಾಸವು ರೂಪದಲ್ಲಿ ಭಿನ್ನವಾದ ಕೋಶಗಳಲ್ಲಿಯೂ ಇದೆಯೆಂದು 2001ರಲ್ಲಿ ತೋರಿಸಲಾಯಿತು. ಆದುದರಿಂದ ಮಿಶ್ರವಾದುದು ರೂಪವೇ ಹೊರತು ಕುಲವಲ್ಲ. ಬಹುರೂಪಿ ಗ್ರಂಥಿಗೆಡ್ಡೆ ಎಂಬ ಇಂದಿನ ಹೆಸರೇ ನಮಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಆ ಏಕೈಕ ಮೂಲಕೋಶವು ಯಾವುದೆಂಬ ವಿವಾದ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಸಣ್ಣ ನಾಳಗಳಲ್ಲಿ ಅಡಗಿರುವ ಮೀಸಲು ಕೋಶವೊಂದು ನಾಳಕೋಶವಾಗಿಯೂ ಬುಟ್ಟಿಕೋಶವಾಗಿಯೂ ಕವಲೊಡೆಯುತ್ತದೆಂಬುದು 1970ರ ದಶಕದಿಂದ ಪ್ರಚಾರದಲ್ಲಿರುವ ಮತ. ಮುಂದಿನ ದಶಕದಲ್ಲಿ ಡಾರ್ಡಿಕ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು. ಪಕ್ವವಾದ ಸ್ರಾವಕ ಕೋಶಗಳೂ ವಿಭಜನೆಹೊಂದಬಲ್ಲವಾದುದರಿಂದ ಗೆಡ್ಡೆಗೆ ಮೀಸಲು ಕೋಶವೇ ಬೇಕೆಂಬ ನಿಯಮವಿಲ್ಲವೆಂದರು. ಈ ಆಕ್ಷೇಪಣೆಗೆ ತೂಕವಿದೆಯೆಂದು ನಮ್ಮ ಅಭಿಪ್ರಾಯ.

ಈ ಚರ್ಚೆ ಕೇವಲ ಪಾಂಡಿತ್ಯದ್ದಲ್ಲ. ಲೋಳೆಯ ಭಾಗವು ಗೆಡ್ಡೆಯ ಸುತ್ತಲಿನ ಜಡವಾದ ಮೆತ್ತೆಯಲ್ಲ, ಗೆಡ್ಡೆಯೇ ಹೌದು. ಹೊರಕವಚವು ಅಲ್ಲಲ್ಲಿ ತೆಳುವಾಗಿಯೂ ಅಪೂರ್ಣವಾಗಿಯೂ ಇದ್ದು, ಬೆರಳಿನಂತಹ ಚಾಚುಗಳು ಅದನ್ನು ದಾಟಿ ನಿಂತಿರುತ್ತವೆ. ಹಿಂದೆ ಶಸ್ತ್ರವೈದ್ಯರು ಕವಚವನ್ನು ಸೀಳಿ ಒಳಗಿನ ತಿರುಳನ್ನು ಮಾತ್ರ ತೆಗೆಯುತ್ತಿದ್ದಾಗ, ಉಳಿದುಹೋದ ಕೋಶಗಳಿಂದ ವರ್ಷಗಳ ಬಳಿಕ ಒಂದರ ಬದಲು ಹಲವು ಗಂಟುಗಳು ಏಳುತ್ತಿದ್ದವು. ಮುಖದ ಸ್ನಾಯುಗಳನ್ನಾಳುವ ನರವು ಈ ಗ್ರಂಥಿಯನ್ನು ಹಾದುಹೋಗುವುದರಿಂದ ಎರಡನೆಯ ಶಸ್ತ್ರಕ್ರಿಯೆಯು ಮೊದಲನೆಯದಕ್ಕಿಂತ ಅಪಾಯಕರ. ಈಗ ಗೆಡ್ಡೆಯನ್ನು ಒಡೆಯದೆ, ಸುತ್ತಲಿನ ಆರೋಗ್ಯವಾದ ಅಂಗಾಂಶದ ಅಂಚಿನೊಡನೆ, ನರವನ್ನು ಬಿಡಿಸಿಕೊಂಡು ತೆಗೆಯುತ್ತಾರೆ. ನೋವಿಲ್ಲವೆಂದು ಬಹುಕಾಲ ಹಾಗೆಯೇ ಬಿಟ್ಟ ಗೆಡ್ಡೆಗಳಲ್ಲಿ ಕೆಲವು ಕ್ಯಾನ್ಸರಾಗಿ ತಿರುಗುವುದುಂಟು. ವರ್ಷಗಳು ಸಂದಂತೆ ಆ ಸಂಭವವು ಏರುತ್ತದೆ.