ಕಡಲ ದಂಡಿಗೆ ಹೋದ್ರೂ ಒಲಿ ಮುಂದೇನಾ?

ಪರೀಕ್ಷೆ ಮುಗಿದು ಸೂಟಿ ಬಿತ್ತೆಂದರೆ ಸಾಕು, ಮನೆಯಲ್ಲಿ ಮಕ್ಕಳದು ಒಂದೇ ರಾಗ: 'ಅವ್ವಾ, ಸಮುದ್ರಕ್ಕ ಹೋಗೂಣು.' ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈ ಮಾತು ಶುರುವಾದರೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ನವಲಗುಂದದಲ್ಲಿರುವ ಅತ್ತೆ-ಮಾವ, ಅಣ್ಣಿಗೇರಿಯ ನಾದಿನಿ, ಕುಂದಗೋಳದ ಅಕ್ಕನ ಮಕ್ಕಳು ಎಲ್ಲರೂ ಸೇರಿ ಬಂಡಿ ತುಂಬುತ್ತದೆ. ಎರೆಹೊಲದ ಊರುಗಳ ಮಕ್ಕಳಿಗೆ ನೀರೆಂದರೆ ಕೆರೆ, ಇಲ್ಲವೇ ಮಲಪ್ರಭೆಯ ಕಾಲುವೆ. ಕಣ್ಣು ಹಾಯುವಷ್ಟು ದೂರ ನೀರೇ ನೀರು ನೋಡುವ ಆಸೆ ಯಾರಿಗಿಲ್ಲ ಹೇಳಿ?

ಇಷ್ಟು ಜನ ಹೊರಟಾಗ ಲಾಡ್ಜಿನಲ್ಲಿ ನಾಲ್ಕು ರೂಮು ಹಿಡಿದು, ಮೂರೂ ಹೊತ್ತು ಹೋಟೆಲಿನಲ್ಲಿ ಉಂಡರೆ ಕಿಸೆ ಖಾಲಿ. ಅದಕ್ಕೇ ಈಗ ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ, ಕಾರವಾರದ ಕಡೆ ಅಡುಗೆಮನೆಯೂ ಇರುವ ಬಾಡಿಗೆ ಮನೆ, ಕಾಟೇಜು, ಹೋಂಸ್ಟೇಗಳನ್ನು ಹುಡುಕುವವರು ಹೆಚ್ಚಾಗಿದ್ದಾರೆ. ಗ್ಯಾಸು, ಪಾತ್ರೆ, ಫ್ರಿಜ್ಜು ಅಲ್ಲೇ ಇರುತ್ತವೆ. ದಿನಸಿ ಒಯ್ದರೆ ಆಯಿತು, ನಮ್ಮ ಅಡುಗೆ ನಾವೇ ಮಾಡಿಕೊಳ್ಳಬಹುದು.

'ನಾವೇ' ಅಂದರೆ ಯಾರು? ಮನೆ ಬುಕ್ ಮಾಡುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳದಿದ್ದರೆ, ಉಳಿದವರೆಲ್ಲ ಕಡಲ ದಂಡೆಯಲ್ಲಿ ಕೂತಾಗ ನೀವೊಬ್ಬರೇ ಹೊಸ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕುತ್ತಿರುತ್ತೀರಿ!

ನಮ್ಮವರಿಗೆ ಹೊಸದೇನಲ್ಲ

ಊರು ಬಿಟ್ಟು ಹೋಗಿ ಅಲ್ಲಿಯೇ ಅಡುಗೆ ಮಾಡಿಕೊಂಡು ಉಣ್ಣುವುದು ನಮ್ಮ ಭಾಗದವರಿಗೆ ಮೊದಲಿನಿಂದ ಗೊತ್ತಿದ್ದದ್ದೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದವರು ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು. ಹೋಳಿಗೆ, ಕಡಬು ಮಾಡಿ ಪಡ್ಡಲಗಿ ತುಂಬಿಸುತ್ತಿದ್ದರು. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊಲಕ್ಕೆ ಬುತ್ತಿ ಹೊತ್ತು ಹೋಗುವುದು ಇವತ್ತಿಗೂ ಇದೆ.

ಆದರೆ ಒಂದು ವ್ಯತ್ಯಾಸ ನೋಡಿ. ಜಾತ್ರೆಯ ಆ ಒಲೆಯ ಸುತ್ತ ಹತ್ತು ಕೈಗಳಿದ್ದವು. ಒಬ್ಬಳು ಹಿಟ್ಟು ನಾದಿದರೆ ಇನ್ನೊಬ್ಬಳು ಲಟ್ಟಿಸುವಳು, ಮತ್ತೊಬ್ಬಳು ಬೇಯಿಸುವಳು. ಕಟ್ಟಿಗೆ, ನೀರು ತರುವ ಕೆಲಸ ಗಂಡಸರದು. ಹಾಡು, ಹರಟೆ, ನಗೆಯೊಳಗೆ ಕೆಲಸ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ಇವತ್ತಿನ ಕಾಟೇಜಿನ ಅಡುಗೆಮನೆಯಲ್ಲಿ ನಿಲ್ಲಲು ಜಾಗ ಇರುವುದೇ ಒಬ್ಬರಿಗೆ. ಹೀಗಾಗಿ ಇಡೀ ಭಾರ ಒಬ್ಬಳ ತಲೆಯ ಮೇಲೆ.

ಸ್ವಲ್ಪ ಲೆಕ್ಕ ಹಾಕಿ. ಎಂಟು ಜನ, ಎರಡು ದಿನ, ದಿನಕ್ಕೆ ಮೂರು ಹೊತ್ತು ಎಂದರೆ 48 ತಾಟು. ಚಹಾದ ಕಪ್ಪು ಬೇರೆ, ಹಾಲಿನ ಪಾತ್ರೆ ಬೇರೆ. ಹೋಟೆಲಿನ ಬಿಲ್ಲಿನಲ್ಲಿ 48 ಊಟ ಉಳಿಯಿತು ಎಂದು ಯಜಮಾನರು ಖುಷಿಪಡುವುದು ಸರಿಯೇ. ಆ 48 ತಾಟು ತೊಳೆಯುವವರು ಯಾರು ಎಂಬುದೂ ಅದೇ ಲೆಕ್ಕದಲ್ಲಿ ಬರಬೇಕು. 'ಮನ್ಯಾಗ ಮಾಡೂದನ್ನ ಇಲ್ಲಿ ಬಂದು ಮಾಡಿದಂಗಾತು' ಎಂದು ವಾಪಸು ಬರುವಾಗ ಮುಖ ಬಾಡಿಸಿಕೊಂಡು ಕೂರುವ ಬದಲು, ಹೊರಡುವ ಮೊದಲೇ ಮಾತಾಡಿಬಿಡುವುದು ಮೇಲು.

ಹಾಗೆಂದು ಅಡುಗೆಮನೆಯೇ ಬೇಡ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆಯ ಮಾವನಿಗೆ ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಬೇಕು. ಕೂಸಿಗೆ ರಾತ್ರಿ ಹಾಲು ಕಾಯಿಸಬೇಕು. ಹೊರಗಿನ ಎಣ್ಣೆ ಕೆಲವರಿಗೆ ಒಗ್ಗುವುದಿಲ್ಲ. ಅಡುಗೆಮನೆ ಇದ್ದರೆ ಇದೆಲ್ಲ ಸಲೀಸು. ಅದು ಇರಲಿ, ಆದರೆ ದಿನವಿಡೀ ಅದರೊಳಗೆ ನೀವಿರಬೇಡಿ.

ಫೋನಿನಲ್ಲೇ ಕೇಳಿಬಿಡಿ

ಬ್ರಿಟನ್ನಿನ ವೇಲ್ಸ್ ಕರಾವಳಿಯಲ್ಲಿ ಇಂಥ ಅಡುಗೆಮನೆ ಸಹಿತದ ಕಾಟೇಜುಗಳ ರೂಢಿ ಬಹಳ ಹಳೆಯದು. ಅಲ್ಲಿ ವಾರದ ಲೆಕ್ಕದಲ್ಲಿ ಮನೆ ಹಿಡಿಯುವವರು ಬಹಳ. ಒಲೆ ಎಂಥದು, ಹಾಸಿಗೆ ಎಷ್ಟು, ಫ್ರಿಜ್ಜು ಇದೆಯೇ ಎಂಬುದನ್ನೆಲ್ಲ ಮೊದಲೇ ಓದಿಕೊಂಡು ಬುಕ್ ಮಾಡುತ್ತಾರೆ. ನಮ್ಮಲ್ಲಿ ಫೋಟೋದಲ್ಲಿ ತೆಂಗಿನ ಮರ ಕಂಡರೆ ಸಾಕು, ಅಡ್ವಾನ್ಸ್ ಕಳಿಸಿಬಿಡುತ್ತೇವೆ! ಹಾಗೆ ಮಾಡಬೇಡಿ. ಮನೆಯವರ ಕೈಯಲ್ಲಿ ಫೋನ್ ಮಾಡಿಸುವ ಬದಲು ನೀವೇ ಮಾತಾಡಿ. ಯಾಕೆಂದರೆ ಈ ಪ್ರಶ್ನೆಗಳು ಹೊಳೆಯುವುದು ನಿಮಗೇ:

* ಮನೆಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ? ಮಾಲೀಕರು ಅಲ್ಲೇ ಇರುತ್ತಾರೋ, ಬೇರೆ ಊರಲ್ಲೋ? ರಾತ್ರಿ ತೊಂದರೆಯಾದರೆ ಕರೆಯಲು ಒಬ್ಬರಾದರೂ ಹತ್ತಿರ ಇರಬೇಕು.
* ಗ್ಯಾಸಿನ ದುಡ್ಡು ಬಾಡಿಗೆಯಲ್ಲೇ ಸೇರಿದೆಯೇ? ಒಲೆಗೆ ಎಷ್ಟು ಬರ್ನರ್? ಕುಕ್ಕರ್ ಎಷ್ಟು ಲೀಟರಿನದು? ಎಂಟು ಜನರಿಗೆ ಮೂರು ಲೀಟರಿನ ಕುಕ್ಕರ್ ಸಾಲದು. ತವಾ, ಮಿಕ್ಸರ್, ಇಳಿಗೆ ಇವೆಯೇ?
* ಕುಡಿಯುವ ನೀರು ಬಾವಿಯದೋ, ಕ್ಯಾನಿನದೋ? ದಂಡೆಗೆ ತೀರ ಹತ್ತಿರದ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅದರಲ್ಲಿ ಚಹಾ ರುಚಿಯಾಗುವುದಿಲ್ಲ, ತೊಗರಿಬೇಳೆ ಬೇಗ ಬೇಯುವುದಿಲ್ಲ.
* ಪಾತ್ರೆ ತೊಳೆಯಲು, ಒಂದು ಹೊತ್ತು ಅಡುಗೆ ಮಾಡಿಕೊಡಲು ಅಕ್ಕಪಕ್ಕದ ಹೆಣ್ಣುಮಕ್ಕಳು ಸಿಗುತ್ತಾರೆಯೇ? ಕೂಲಿ ಎಷ್ಟು? ಇದನ್ನು ಕೇಳಲು ಸಂಕೋಚ ಬೇಡ.
* 'ಬೀಚಿಗೆ ಎರಡೇ ನಿಮಿಷ' ಎಂದರೆ ನಡೆದೋ, ಗಾಡಿಯಲ್ಲೋ? ಮೆಟ್ಟಿಲು ಎಷ್ಟು? ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ ಇಳಿಜಾರಿನಲ್ಲಿ ಇಳಿದು ಹತ್ತಬೇಕು. ಮೊಣಕಾಲು ನೋವಿನ ಅತ್ತೆಗೆ ಅದು ಕಷ್ಟ.
* ಬಚ್ಚಲು ಎಷ್ಟು? ಹಿರಿಯರಿಗೆ ಕಮೋಡ್ ಇದೆಯೇ? ಕರೆಂಟ್ ಹೋದರೆ ಫ್ಯಾನಿಗೆ ಇನ್ವರ್ಟರ್ ಇದೆಯೇ?
* ಅಡುಗೆಮನೆಯಲ್ಲಿ ಮಾಂಸಾಹಾರ ನಡೆಯುತ್ತದೆಯೇ, ಇಲ್ಲವೇ? ಎರಡೂ ಬಗೆಯ ಮನೆಗಳಿವೆ. ಅಲ್ಲಿ ಹೋಗಿ ಇಬ್ಬರಿಗೂ ಮುಜುಗರ ಬೇಡ.

ಪೂರ್ತಿ ಹಣ ಮುಂಚೆಯೇ ಕಳಿಸಬೇಡಿ. ಒಮ್ಮೆ ವಿಡಿಯೋ ಕಾಲ್ ಮಾಡಿ ಮನೆ ತೋರಿಸಲು ಹೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಆ ಮನೆಯೇ ಬೇಡ. ಹಣ ಹೋಯಿತೆಂದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬುತ್ತಿಯೇ ನಿಮ್ಮ ಬಲ

ಧಾರವಾಡ ಸೀಮೆಯ ಹೆಣ್ಣುಮಕ್ಕಳಿಗೆ ಬುತ್ತಿ ಕಟ್ಟುವುದನ್ನು ಯಾರೂ ಕಲಿಸಬೇಕಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ ಇವು ವಾರವಾದರೂ ಕೆಡುವುದಿಲ್ಲ. ಎಲ್ಲವನ್ನೂ ನೀವೇ ಮಾಡಬೇಕೆಂಬ ಹಟವೂ ಬೇಡ. ರೊಟ್ಟಿ, ಚಟ್ನಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳು, ಖಾನಾವಳಿಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾಲ್ಕು ದಿನ ಮೊದಲೇ ಹೇಳಿದರೆ ಕಟ್ಟಿ ಇಟ್ಟಿರುತ್ತಾರೆ.

ಒಂದು ಮಾತು ನೆನಪಿರಲಿ. ಕಡಲ ಗಾಳಿಯಲ್ಲಿ ತೇವ ಹೆಚ್ಚು. ಬಟ್ಟೆಯಲ್ಲಿ ಸುತ್ತಿಟ್ಟ ಕಡಕ್ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ, ಚುರುಮುರಿಯಂತೂ ತೊಗಲಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಸ್ವಲ್ಪ ಸ್ವಲ್ಪವೇ ಬೇರೆ ಬೇರೆ ಕಟ್ಟಿಡಿ.

ಎರಡು ದಿನದ ಪ್ರವಾಸಕ್ಕೆ ಹೀಗೊಂದು ಪಟ್ಟಿ ಮಾಡಿ ನೋಡಿ:

ಮೊದಲ ದಿನ ಮಧ್ಯಾಹ್ನ ಮನೆಯಿಂದ ತಂದ ಬುತ್ತಿ: ಚಪಾತಿ, ಬದನೆಕಾಯಿ ಎಣಗಾಯಿ, ಮೊಸರನ್ನ. ಸಂಜೆ ದಂಡೆಯ ಮೇಲೆ ಗಿರ್ಮಿಟ್. ಅದರ ಗೊಜ್ಜು ಮನೆಯಲ್ಲೇ ಮಾಡಿ ತಂದರೆ ಉಳ್ಳಾಗಡ್ಡಿ ಹೆಚ್ಚುವುದಷ್ಟೇ ಕೆಲಸ. ರಾತ್ರಿಗೆ ಬಿಸಿ ಅನ್ನ, ಸಾರು. ಮರುದಿನ ಬೆಳಿಗ್ಗೆ ತೆಳು ಅವಲಕ್ಕಿಗೆ ಕಾಯಿತುರಿ, ಬೆಲ್ಲ ಕಲಸಿದರೆ ಒಲೆಯೇ ಬೇಡ. ಮಧ್ಯಾಹ್ನ ಊರಿನ ಖಾನಾವಳಿಯಲ್ಲಿ ಕರಾವಳಿ ಊಟ. ರಾತ್ರಿ ಕಡಕ್ ರೊಟ್ಟಿ, ಚಟ್ನಿ, ಮೊಸರು. ಹೀಗೆ ಎರಡು ದಿನದಲ್ಲಿ ಪೂರ್ತಿ ಅಡುಗೆ ಎಂದು ಒಲೆ ಹಚ್ಚುವುದು ಒಂದೇ ಸಲ. ಬಾಕಿ ಚಹಾ, ಹಾಲು ಅಷ್ಟೇ.

ತರಕಾರಿ ಹೊತ್ತುಕೊಂಡು ಹೋಗಬೇಡಿ. ಗೋಕರ್ಣ, ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ಹೆಣ್ಣುಮಕ್ಕಳು ತಾಜಾ ತರಕಾರಿ ತಂದು ಮಾರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಕುಮಟಾದ ಹೆದ್ದಾರಿ ಪಕ್ಕ ಜಡೆಯಂತೆ ಹೆಣೆದು ತೂಗುಹಾಕಿದ ಸಿಹಿ ಉಳ್ಳಾಗಡ್ಡಿ ಸಿಗುತ್ತದೆ. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಅದರ ರುಚಿ ನೋಡದೆ ಬರಬೇಡಿ. ಮೀನು ಉಣ್ಣುವವರು ಗಮನಿಸಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಮೀನು ಕಡಿಮೆ, ದರ ಹೆಚ್ಚು.

ಹಾಸಲು ಏನು ಒಯ್ಯಬೇಕು? ನವಲಗುಂದದ ಹೆಣ್ಣುಮಕ್ಕಳ ಕೈಯಲ್ಲಿ ನೇಯ್ದ ಜಮಖಾನೆ ಇದ್ದರೆ ಹಾಲಿನಲ್ಲಿ ಹಾಸಿ, ಮಕ್ಕಳೆಲ್ಲ ಸಾಲಾಗಿ ಮಲಗುತ್ತಾರೆ. ಆದರೆ ಅದನ್ನು ಉಸುಕಿನ ಮೇಲೆ ಒಯ್ಯಬೇಡಿ. ಉಪ್ಪುನೀರು, ಉಸುಕು ಎರಡೂ ಅದಕ್ಕೆ ವೈರಿ. ದಂಡೆಗೆ ಪ್ಲಾಸ್ಟಿಕ್ ಚಾಪೆ ಸಾಕು.

ಕೆಲಸ ಹಂಚುವುದು ಹೇಗೆ?

'ಎಲ್ಲಾರೂ ಕೂಡಿ ಮಾಡೂಣು' ಎಂಬ ಮಾತನ್ನು ನಂಬಬೇಡಿ. ಎಲ್ಲರ ಕೆಲಸ ಎಂದರೆ ಕೊನೆಗೆ ಅದು ನಿಮ್ಮದೇ. ಹೆಸರು ಹಿಡಿದು ಹೇಳಿ. ಬೆಳಗಿನ ಚಹಾ ಯಜಮಾನರದು. ಅವಲಕ್ಕಿ ಕಲಸುವುದು ದೊಡ್ಡ ಮಗನದು. ಉಂಡ ತಾಟು ಅವರವರೇ ತೊಳೆಯಬೇಕು, ಐದು ವರ್ಷದ ಕೂಸನ್ನು ಬಿಟ್ಟು. ಪೇಟೆಯಿಂದ ಹಾಲು, ನೀರಿನ ಕ್ಯಾನು ತರುವುದು ಮೈದುನನದು. ಅತ್ತೆಯವರ ಎದುರು ಗಂಡನಿಗೆ ಕೆಲಸ ಹೇಳುವುದು ಹೇಗೆ ಎಂಬ ಅಳುಕು ಸಹಜ. ಆ ಮಾತನ್ನು ಯಜಮಾನರ ಬಾಯಿಂದಲೇ ಹೇಳಿಸಿ: 'ಅವ್ವಾ, ಎರಡ ದಿನ ಚಾ ನಾ ಮಾಡ್ತೀನಿ, ಹೆಂಗೈತಿ ನೋಡು.' ಮಗ ಮಾಡಿಕೊಟ್ಟ ಚಹಾ ಬೇಡ ಎನ್ನುವ ತಾಯಿ ಎಲ್ಲಿದ್ದಾಳೆ? ಅತ್ತೆಯವರಿಗೂ ಇದು ಸೂಟಿಯೇ. ಎಷ್ಟೋ ವರ್ಷ ಒಲೆ ಮುಂದೆ ಕೂತ ಜೀವ ಅದು.

ಸೂರ್ಯ ಮುಳುಗುವ ಹೊತ್ತಿಗೆ ಅಡುಗೆಮನೆಗೆ ಬೀಗ, ಇದೊಂದು ನಿಯಮ ಮಾಡಿ. ಅಡುಗೆ ಒಂದು ತಾಸು ತಡವಾದರೆ ಯಾರೂ ಉಪವಾಸ ಸಾಯುವುದಿಲ್ಲ.

ದಾರಿ, ನೀರು – ಎರಡರಲ್ಲೂ ಜೋಕೆ

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲೆಯ ಮೇಲೆ ಗೋಕರ್ಣಕ್ಕೆ ಸುಮಾರು 150 ಕಿ.ಮೀ. ನವಲಗುಂದ, ಅಣ್ಣಿಗೇರಿಯಿಂದ ಹೊರಡುವವರಿಗೆ ಇನ್ನು 35-40 ಕಿ.ಮೀ. ಹೆಚ್ಚು. ಘಟ್ಟದ ತಿರುವಿನಲ್ಲಿ ಮಕ್ಕಳಿಗೆ ವಾಂತಿಯಾಗುತ್ತದೆ. ಕಲಘಟಗಿ ದಾಟುವ ಮೊದಲು ಹೊಟ್ಟೆತುಂಬ ತಿನ್ನಿಸಬೇಡಿ, ನಿಂಬೆಹಣ್ಣು ಕೈಯಲ್ಲಿರಲಿ. ಜನ ಹೆಚ್ಚಾದರೆಂದು ಸರಕು ಸಾಗಿಸುವ ಗಾಡಿಯಲ್ಲಿ ಮಾತ್ರ ಹೋಗಬೇಡಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಮರೆಯದಿದ್ದರೆ ಸಾಕು. ಅಲ್ಲಿ ಉಳಿದ ಹಣದಲ್ಲಿ ಪಾತ್ರೆ ತೊಳೆಯುವವರ ಕೂಲಿ ಕೊಡಬಹುದಲ್ಲವೇ?

ಮಳೆಗಾಲದಲ್ಲಿ ಈ ಪ್ರವಾಸ ಬೇಡವೇ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್-ಮೇ ಸೂಟಿಯಲ್ಲಿ ಹೋದರೆ ಸೆಕೆ ತಡೆದುಕೊಳ್ಳಲು ತಯಾರಿರಿ.

ಇನ್ನು ನೀರಿನ ಮಾತು. ಕೆರೆಯಲ್ಲಿ ಈಜು ಬಂದವರಿಗೆ ಸಮುದ್ರ ಬಂತೆಂದಲ್ಲ. ಅಲೆ ವಾಪಸು ಹೋಗುವಾಗಿನ ಸೆಳೆತ ದೊಡ್ಡವರನ್ನೂ ಎಳೆದೊಯ್ಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗಿಳಿಯಿರಿ, ಅವರು ಬೇಡವೆಂದರೆ ವಾದ ಮಾಡಬೇಡಿ. ಮಕ್ಕಳ ಮೇಲೆ ಒಬ್ಬರ ಕಣ್ಣು ಸದಾ ಇರಲಿ, ಆ ಹೊತ್ತು ಅವರ ಕೈಯಲ್ಲಿ ಮೊಬೈಲ್ ಬೇಡ. ಸೀರೆಯುಟ್ಟು ಮೊಣಕಾಲಿಗಿಂತ ಮೇಲಿನ ನೀರಿಗೆ ಹೋಗಬೇಡಿ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಏಳುವುದು ಕಷ್ಟ. ಚೂಡಿದಾರ ಒಳ್ಳೆಯದು. ಬಟ್ಟೆ ಬದಲಿಸಲು ಕೋಣೆ, ಶೌಚಾಲಯ ಎಲ್ಲಿವೆ ಎಂದು ಮೊದಲೇ ವಿಚಾರಿಸಿ. ಹೊನ್ನಾವರದ ಕಾಸರಕೋಡ ಕಡಲತೀರದಲ್ಲಿ ಇಂಥ ಸೌಲಭ್ಯಗಳಿದ್ದುದರಿಂದಲೇ 2020ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತ್ತು. ತುರ್ತಿಗೆ 112 ನೆನಪಿಡಿ.

ಹೊರಡುವ ಮುನ್ನ

* ಮನೆಯಿಂದ ಒಂದು ಚೂಪಾದ ಚಾಕು, ಲೈಟರ್, ಪಾತ್ರೆ ತಿಕ್ಕುವ ಬ್ರಷ್, ಚಹಾ ಸೋಸುವ ಜಾಲರಿ ಒಯ್ಯಿರಿ. ಬಾಡಿಗೆ ಮನೆಗಳಲ್ಲಿ ಕೈಗೆ ಸಿಗದಿರುವುದು ಇವೇ.
* ಮೊಸರಿಗೆ ಒಂದು ಚಮಚ ಹೆಪ್ಪು ಸಣ್ಣ ಡಬ್ಬಿಯಲ್ಲಿರಲಿ.
* ಬಿಪಿ, ಶುಗರ್ ಗುಳಿಗೆ ಎರಡು ದಿನ ಹೆಚ್ಚಿಗೆ ಕಟ್ಟಿಕೊಳ್ಳಿ.
* ಮನೆ ಸೇರಿದ ಕೂಡಲೇ ಗ್ಯಾಸಿನ ಪೈಪು, ರೆಗ್ಯುಲೇಟರ್ ನೋಡಿ. ವಾಸನೆ ಬಂದರೆ ಒಲೆ ಹಚ್ಚದೆ, ಲೈಟಿನ ಸ್ವಿಚ್ ಮುಟ್ಟದೆ ಕಿಟಕಿ ತೆರೆದು ಮಾಲೀಕರನ್ನು ಕರೆಯಿರಿ.
* ಕಸ, ಪ್ಲಾಸ್ಟಿಕ್ ದಂಡೆಯಲ್ಲಿ ಬಿಡಬೇಡಿ. ಅದು ಇನ್ನೊಬ್ಬರ ಊರು.

ಇಷ್ಟು ತಯಾರಿ ಆದಮೇಲೆ ಕೊನೆಯದಾಗಿ ಒಂದು ಕೆಲಸ ಬಾಕಿ. ಸಂಜೆ ಎಲ್ಲರೂ ದಂಡೆಗೆ ಹೊರಟಾಗ 'ನೀವು ಮುಂದ ನಡೀರಿ, ನಾ ಸಾರಿಗೆ ಒಗ್ಗರಣಿ ಹಾಕಿ ಬರ್ತೀನಿ' ಎನ್ನುವ ಅಭ್ಯಾಸ ಬಿಡಿ. ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ಎಲ್ಲರಿಗಿಂತ ಮೊದಲು ಹೊರಡಿ. ಸಾರು ಕಾಯುತ್ತದೆ, ಮುಳುಗುವ ಸೂರ್ಯ ಕಾಯುವುದಿಲ್ಲ.